ಗಾಜಿಗೆ ಹದ ಕೊಡಲು ಹೋದದ್ದು

ಹೊರಡುವ ಮುಂಚೆ

ಸ್ವೀಡನ್‌ಗೆ ಹೋಗಿ ಬಂದೆ ಅಂದರೆ ಹುಣಸೂರಿನಲ್ಲಿ ಎಲ್ಲರೂ ಹಿಮದ ಬೆಟ್ಟದ ಫೋಟೋ ತೋರಿಸು ಅನ್ನುತ್ತಾರೆ. ಅದು ಸ್ವಿಟ್ಜರ್ಲೆಂಡ್. ನಾನು ಹೋದದ್ದು ಅದಕ್ಕಿಂತ ಬಹಳ ಮೇಲಕ್ಕೆ, ಭೂಪಟದ ನೆತ್ತಿಯ ಹತ್ತಿರ. ಇದ್ದ ಆರು ವಾರದಲ್ಲಿ ಹಿಮ ಬೀಳಲಿಲ್ಲ. ಬೆಟ್ಟವೂ ಕಾಣಲಿಲ್ಲ. ನನ್ನ ಮೊಬೈಲಿನಲ್ಲಿರುವ ಫೋಟೋಗಳಲ್ಲಿ ಮುಕ್ಕಾಲು ಪಾಲು ಗೇಣುದ್ದದ ಒಂದು ಬಿಳಿ ಕಡ್ಡಿಯವು. ನೋಡಿದವರು, ಇಷ್ಟು ದೂರ ಹೋಗಿ ಸೀಮೆಸುಣ್ಣದ ಫೋಟೋ ತೆಗೆದೆಯಾ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಬರೆಯಲು ಕೂತಿದ್ದೇನೆ.

ನನ್ನದು ಗಾಜಿನ ಕಸುಬು. ಕಿಟಕಿಯ ಗಾಜಲ್ಲ, ಲ್ಯಾಬುಗಳಲ್ಲಿ ಬಳಸುವ ಗಾಜಿನ ಕೊಳವೆ, ಬುರುಡೆ, ಸುರುಳಿ. ಬೆಂಕಿಯಲ್ಲಿ ಮೆತ್ತಗೆ ಮಾಡಿ, ಊದಿ, ತಿರುಗಿಸಿ ಮಾಡುವ ಕೆಲಸ. ಹುಣಸೂರಿನಲ್ಲಿ ಸ್ವಂತ ಷೆಡ್ಡು ಹಾಕಿಕೊಂಡು ಹದಿನೇಳು ವರ್ಷವಾಯಿತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಮ್ಮಪ್ಪ ಕಂಪಲಾಪುರದ ಕಡೆ ಗೌಡರ ಹೊಗೆಸೊಪ್ಪಿನ ಬ್ಯಾರನ್‌ಗಳಿಗೆ ಬೆಂಕಿ ಕಾಯುತ್ತಿದ್ದರು. ಬ್ಯಾರನ್ ಅಂದರೆ ಹಸಿ ಸೊಪ್ಪನ್ನು ನೇತುಹಾಕಿ, ಕೆಳಗಿನಿಂದ ದಿನಗಟ್ಟಲೆ ಬಿಸಿ ಕೊಟ್ಟು ಒಣಗಿಸುವ ಎತ್ತರದ ಮನೆ. ನಾನೂ ಮೂರು ವರ್ಷ ಅವರ ಜೊತೆ ಒಲೆಯ ಮುಂದೆ ಕೂತೆ. ಆಮೇಲೆ ಮೈಸೂರಿನ ಗಾಜಿನ ಅಂಗಡಿಗೆ ಸೇರಿದೆ. ಬೆಂಕಿಯ ಮುಂದೆ ಕೂರುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು.

ಕೆ.ಆರ್. ನಗರದ ಶ್ರುತಿ ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಒಡೆದ ಕ್ವಾರ್ಟ್ಜ್ ಕೊಳವೆಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ನನ್ನ ಷೆಡ್ಡಿಗೆ ಸ್ಕೂಟರಿನಲ್ಲಿ ಬರುತ್ತಿದ್ದಳು. ಕ್ವಾರ್ಟ್ಜ್ ಬಹಳ ಬಿಸಿ ಬೇಡುವ ಗಾಜು. ಅದನ್ನು ಬೆಸೆಯುವವರು ನಮ್ಮ ಕಡೆ ಕಡಿಮೆ. ಈಗ ಅವಳು ಸ್ವೀಡನ್ನಿನ ಒಂದು ವಿಶ್ವವಿದ್ಯಾಲಯದಲ್ಲಿದ್ದಾಳೆ. ಹೋದ ವರ್ಷ ಒಂದು ದಿನ ಫೋನ್ ಮಾಡಿದಳು.

"ಅಣ್ಣ, ಇಲ್ಲಿ ಗಾಜಿನ ಕೆಲ್ಸದ ತಾತ ರಿಟೈರ್ ಆಗ್ಬುಟ್ರು. ಬೇರೆ ಯಾರೂ ಸಿಗ್ತಾ ಇಲ್ಲ. ನೀವು ಒಂದಾರು ವಾರ ಬಂದ್ಬುಡಿ."

"ಬತ್ತೀನಿ ಕಣವ್ವ. ಬಸ್ಸು ಎಲ್ ಹತ್ಬೇಕು ಹೇಳು," ಅಂದೆ. ತಮಾಷೆ ಅಂದುಕೊಂಡಿದ್ದೆ. ಎರಡು ತಿಂಗಳಲ್ಲಿ ಕಾಗದಪತ್ರ ಬಂತು.

ಷೆಡ್ಡಿನ ಎದುರು ಟೀ ಅಂಗಡಿ ಇಟ್ಟಿರುವ ಪುಟ್ಟರಾಜು ನನ್ನ ಜೊತೆಗಾರ. ಅವನಿಗೆ ತಡೆಯಲಾಗಲಿಲ್ಲ. "ಏನ್ಲಾ ಮಾದೇವ, ನಾನು ಹತ್ನೇ ಕ್ಲಾಸ್‌ಗಂಟ ಓದಿ ಟೀ ಸೋಸ್ತಾ ಇವ್ನಿ. ನೀನು ಏಳ್ನೇ ಕ್ಲಾಸ್‌ಗೆ ಫಾರಿನ್ನಾ?"

"ನೀನೂ ಏಳಕ್ಕೇ ಬಿಟ್ಟಿದ್ರೆ ಬರ್ಬೋದಿತ್ತು. ಮೂರು ವರ್ಷ ದಂಡ ಮಾಡ್ಕಂಡೆ," ಅಂದೆ.

ವಿಮಾನ ನಿಲ್ದಾಣಗಳು

ಗಾಜಿನವನ ಸಾಮಾನು ನೋಡಲು ಚೆನ್ನಾಗಿರುವುದಿಲ್ಲ. ಕಪ್ಪು ಗ್ರಾಫೈಟಿನ ಹಲಗೆ, ಉದ್ದ ಚಿಮಟ, ಮಸಿ ಹತ್ತಿದ ಕನ್ನಡಕ. ಕೈಚೀಲದಲ್ಲೇ ಇಟ್ಟುಕೊಂಡಿದ್ದೆ. ಬೆಂಗಳೂರಿನಲ್ಲಿ ತಪಾಸಣೆಯವರು ಒಂದೊಂದನ್ನೇ ಎತ್ತಿ ಹಿಡಿದು ನೋಡಿದರು.

"ಇದು ಏನಕ್ಕೆ?"

"ಗಾಜು ಮೆತ್ತಗಾದಾಗ ಒತ್ತಕ್ಕೆ ಸಾರ್."

"ಗಾಜು ಎಲ್ರೀ ಮೆತ್ತಗಾಗುತ್ತೆ?" ಅಂದರು.

ಕೊನೆಗೆ ಅದನ್ನೆಲ್ಲ ದೊಡ್ಡ ಪೆಟ್ಟಿಗೆಗೆ ಸೇರಿಸಿ ಕಳಿಸಬೇಕಾಯಿತು. ಪೆಟ್ಟಿಗೆ ನಡುವೆ ಯಾವುದೋ ಊರಿನಲ್ಲಿ ಇಳಿದುಕೊಂಡಿತು. ನಾನು ಮಾತ್ರ ಸ್ವೀಡನ್ ತಲುಪಿದೆ. ಸ್ವೆಟರೂ ಅದರೊಳಗೇ ಇತ್ತು. ಶ್ರುತಿ ಅವಳ ಮಫ್ಲರ್ ಕೊಟ್ಟಳು. ಗುಲಾಬಿ ಬಣ್ಣದ್ದು. ಮೂರು ದಿನ ಅದನ್ನೇ ಸುತ್ತಿಕೊಂಡು ತಿರುಗಿದೆ. ಯಾರೂ ತಿರುಗಿ ನೋಡಲಿಲ್ಲ. ಆ ದೇಶದಲ್ಲಿ ಯಾರೂ ಯಾರನ್ನೂ ತಿರುಗಿ ನೋಡುವುದಿಲ್ಲ ಎಂಬುದು ಆಮೇಲೆ ತಿಳಿಯಿತು.

ಬಸ್ ಸ್ಟಾಪು

ಅಲ್ಲಿನ ಬಸ್ ಸ್ಟಾಪಿನಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಎತ್ತು ಮಲಗುವಷ್ಟು ಜಾಗ ಬಿಟ್ಟು ನಿಲ್ಲುತ್ತಾರೆ. ನನಗೆ ಗೊತ್ತಿರಲಿಲ್ಲ. ಮೊದಲ ದಿನ ಒಬ್ಬ ಹಿರಿಯರ ಪಕ್ಕಕ್ಕೆ ಹೋಗಿ ನಿಂತೆ. ಅವರು ಎರಡು ಹೆಜ್ಜೆ ಆಚೆ ಸರಿದರು. ಜಾಗ ಬಿಟ್ಟುಕೊಟ್ಟರು ಅಂದುಕೊಂಡು ನಾನೂ ಸರಿದೆ. ಅವರು ಮತ್ತೆ ಸರಿದರು. ಹೀಗೆ ಇಬ್ಬರೂ ಬಸ್ ಸ್ಟಾಪಿನ ಚಾವಣಿ ದಾಟಿ ತುಂತುರಿನಲ್ಲಿ ನಿಂತೆವು. ಬಸ್ಸು ಬಂದಾಗ ಅವರು ನನಗಿಂತ ಮೊದಲು ಓಡಿ ಹತ್ತಿದರು.

ಮನೆಯವಳು ರತ್ನ ಫೋನಿನಲ್ಲಿ ಇದನ್ನು ಕೇಳಿ, "ಯಾರೂ ಮಾತಾಡ್ಸಲ್ವಾ? ಅಂಗಾರೆ ನಿಮ್ಗೆ ಸರ್ಯಾದ ಊರು ಬುಡಿ," ಅಂದಳು.

ಇನ್ನೊಂದು. ಅದು ಸೇಬು ಹಣ್ಣಾಗುವ ಕಾಲ. ಮನೆಗಳ ಬೇಲಿಗೆ ಚೀಲಗಳಲ್ಲಿ ಸೇಬು ತುಂಬಿ ನೇತುಹಾಕಿರುತ್ತಾರೆ. ಜೊತೆಗೆ ಒಂದು ಚೀಟಿ. ಬೇಕಾದವರು ತೆಗೆದುಕೊಳ್ಳಿ ಅಂತ ಬರೆದಿದೆ ಅಂದಳು ಶ್ರುತಿ. ಎರಡು ದಿನ ನಾನು ಆ ಬೇಲಿಯ ಮುಂದೆ ನಿಂತು ನೋಡಿ ಮುಂದೆ ಹೋದೆ. ನಮ್ಮ ಕಡೆ ಮರದಲ್ಲಿ ಮಾವು ಕಾಯಿಯಾಗಿರುವಾಗಲೇ ಮಾಯವಾಗುತ್ತದೆ. ಹಣ್ಣಾದ ಮೇಲೆ ಕಿತ್ತು, ಚೀಲಕ್ಕೆ ತುಂಬಿ, ಬೀದಿಗೆ ನೇತುಹಾಕಿ, ಮನೆಯವರು ಒಳಗೆ ಬಾಗಿಲು ಹಾಕಿಕೊಂಡು ಕೂರುವುದನ್ನು ನಂಬುವುದು ಹೇಗೆ? ಮೂರನೇ ದಿನ ಒಂದು ಚೀಲ ತೆಗೆದುಕೊಂಡೆ. ಹುಳಿ.

ಲ್ಯಾಬು

ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಅದು ನನಗೆ ಒಪ್ಪಿತು. ಒಪ್ಪದಿದ್ದದ್ದು ಹೆಸರು ಹಿಡಿದು ಕರೆಯುವುದು. ಅಲ್ಲಿನ ಮುಖ್ಯಸ್ಥೆ ಕರೀನ್ ಅರವತ್ತರ ಹತ್ತಿರದ ಪ್ರೊಫೆಸರು. ಎಲ್ಲರೂ ಕರೀನ್, ಕರೀನ್ ಅನ್ನುತ್ತಾರೆ. ನಾನು ಕೊನೆಯ ದಿನದವರೆಗೂ ಮೇಡಂ ಅಂದೆ. ಇನ್ನೊಬ್ಬರು ಗುನ್ನಾರ್. ಯಂತ್ರಗಳನ್ನು ನೋಡಿಕೊಳ್ಳುವವರು, ಮಾತು ನನ್ನಷ್ಟೇ ಕಡಿಮೆ, ನನಗಿಂತ ಒಂದು ಗೇಣು ಎತ್ತರ. ಅವರು ಹೌದು ಅನ್ನಬೇಕಾದರೆ ಬಾಯಿ ತೆರೆಯುವುದಿಲ್ಲ, ಬಿಸಿ ಕಾಫಿ ಹೀರಿದ ಹಾಗೆ ತುಟಿಯ ಸಂದಿಯಲ್ಲಿ ಗಾಳಿ ಎಳೆದುಕೊಳ್ಳುತ್ತಾರೆ. ಒಂದು ವಾರ ನಾನು ಅವರಿಗೆ ಹಲ್ಲುನೋವು ಅಂದುಕೊಂಡಿದ್ದೆ. ಆ ಸೀಮೆಯಲ್ಲಿ ಹೌದು ಅನ್ನುವುದೇ ಹಾಗಂತೆ.

ಅಲ್ಲಿ ಮಾಡುತ್ತಿದ್ದ ಕೆಲಸ ಇದು. ಕೂದಲೆಳೆಯಂಥ ಗಾಜಿನ ತಂತಿಯೊಳಗೆ ಬೆಳಕು ಹರಿಯುತ್ತದೆ. ನಮ್ಮ ಊರುಗಳಿಗೂ ಇಂಟರ್ನೆಟ್ ಬರುವುದು ಅದರಲ್ಲೇ. ಆ ಎಳೆಯ ನಡುವೆ ಇಟರ್ಬಿಯಂ ಎಂಬ ವಸ್ತುವನ್ನು ಚಿಟಿಕೆಯಷ್ಟು ಸೇರಿಸಿದರೆ, ಒಂದು ಬಗೆಯ ಬೆಳಕು ಒಳಗೆ ಬಿಟ್ಟು ಇನ್ನೊಂದು ಬಗೆಯ ಗಟ್ಟಿ ಬೆಳಕು ಹೊರಗೆ ತೆಗೆಯಬಹುದು. ಅದು ಲೇಸರ್. ಮೈಸೂರಿನಲ್ಲಿ ಗೇಟುಗಳಿಗೆ ಕಬ್ಬಿಣದ ತಗಡಿನಲ್ಲಿ ನವಿಲು ಕತ್ತರಿಸುವ ಯಂತ್ರದೊಳಗೆ ಇರುವುದು ಇಂಥದೇ ಎಳೆ.

ಎಳೆ ಎಳೆಯಬೇಕಾದರೆ ಮೊದಲು ದಪ್ಪ ಕಡ್ಡಿ ಬೇಕು. ಹಳೆಯ ಪದ್ಧತಿಯಲ್ಲಿ ತಿರುಗುವ ಕೊಳವೆಯೊಳಗೆ ಪದರದ ಮೇಲೆ ಪದರ, ಬೆಂಕಿಯಲ್ಲಿ ಹುಟ್ಟುವ ಗಾಜಿನ ಮಸಿ ಕೂರಿಸುತ್ತಾರೆ. ತಿರುಗಿಸಿ ಮಾಡಿದ್ದು ದುಂಡಗೇ ಬರುತ್ತದೆ, ಕುಂಬಾರನ ಗಡಿಗೆಯ ಹಾಗೆ. ಶ್ರುತಿಯ ಪದ್ಧತಿ ಬೇರೆ. ಗಾಜಿನ ನುಣ್ಣನೆ ಪುಡಿಯನ್ನು ಅಂಟಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಮುದ್ರಿಸುವ ಯಂತ್ರಕ್ಕೆ ಸುರಿಯುತ್ತಾಳೆ. ಅದು ಬೆಳಕು ಬಿಟ್ಟು ಪದರ ಪದರವಾಗಿ ಗಟ್ಟಿ ಮಾಡುತ್ತಾ ಹೋಗುತ್ತದೆ. ಒಳಗೆ ಹೂವು ಬೇಕೆಂದರೆ ಹೂವು, ಮೂಲೆಯಲ್ಲಿ ಚುಕ್ಕಿ ಬೇಕೆಂದರೆ ಚುಕ್ಕಿ. ಹೊರಬರುವುದು ಮೇಣದಬತ್ತಿಯಂಥ ಕಡ್ಡಿ. ಅದನ್ನು ಕುಲುಮೆಯಲ್ಲಿ ಎರಡು ದಿನ ನಿಧಾನವಾಗಿ ಕಾಯಿಸಿ ಅಂಟನ್ನು ಸುಟ್ಟು ಕಳೆಯಬೇಕು. ಆಗ ಉಳಿಯುವುದು ಸೀಮೆಸುಣ್ಣದಂಥ ಬಿಳಿ ಕಡ್ಡಿ. ಅದನ್ನು ಇನ್ನೊಂದು ದೊಡ್ಡ ಕುಲುಮೆಯಲ್ಲಿ ಕರಗುವ ಹತ್ತಿರಕ್ಕೆ ಕಾಯಿಸಿದರೆ ತಿಳಿಗಾಜು. ಆಮೇಲೆ ಅದನ್ನು ಕ್ವಾರ್ಟ್ಜ್ ಕೊಳವೆಯೊಳಗೆ ಇಟ್ಟು, ಬೆಂಕಿಯಲ್ಲಿ ತಿರುಗಿಸುತ್ತಾ ಕೊಳವೆಯನ್ನು ಅದರ ಮೇಲೆ ಕುಗ್ಗಿಸಿ ಒಂದು ಮಾಡುವುದು ನನ್ನ ಕೆಲಸ.

ನಾನು ಅಲ್ಲಿಗೆ ಹೋದ ಮೊದಲ ವಾರವೇ ಒಂದು ಬಿಳಿ ಕಡ್ಡಿ ಚಿಮಟ ತಾಗಿದ್ದಕ್ಕೇ ಎರಡಾಯಿತು. ಶ್ರುತಿ ಚೂರುಗಳನ್ನು ನೋಡುತ್ತಾ ನಿಂತಳು.

"ಇಟರ್ಬಿಯಂ ಪುಡಿ ಇನ್ನೆರಡು ಕಡ್ಡಿಗಾಗೋವಷ್ಟು ಮಾತ್ರ ಅದೆ ಅಣ್ಣ. ಹೊಸಾದು ಬರಕ್ಕೆ ತಿಂಗಳುಗಟ್ಲೆ ಆಯ್ತದೆ. ಅಷ್ಟರೊಳಗೆ ಲೇಸರ್ ಬರೋ ಎಳೆ ಒಂದು ತೋರ್ಸ್‌ಬೇಕು. ಇಲ್ದಿದ್ರೆ ಡಿಸೆಂಬರ್‌ಗೆ ಗಂಟುಮೂಟೆ ಕಟ್ಕಂಡು ಹೊರಡೋದೆಯ."

"ಎಲ್ರಿಗೂ ಗೊತ್ತಾ?"

"ಕರೀನ್ ಮೊದ್ಲೇ ಹೇಳವ್ರೆ. ಮುದ್ರಣದಲ್ಲಿ ಆಗ್ದಿದ್ರೆ ಹಳೇ ಪದ್ಧತಿಗೇ ವಾಪಸ್ ಅಂತ."

ಭಾನುವಾರ

ಎರಡನೇ ಕಡ್ಡಿ ಕುಲುಮೆಗೆ ಹೋಯಿತು. ಶನಿವಾರ ಶ್ರುತಿ ಕಾಯುವುದು, ಭಾನುವಾರ ನಾನು ಎಂದು ಹಂಚಿಕೊಂಡೆವು. ಕಾಯುವುದೆಂದರೆ ಕಾಯುವುದೂ ಅಲ್ಲ, ಬಿಸಿಯನ್ನು ಕಂಪ್ಯೂಟರೇ ಏರಿಸಿ ಇಳಿಸುತ್ತದೆ. ಕೆಂಪು ದೀಪ ಹತ್ತಿದರೆ ಫೋನ್ ಮಾಡಬೇಕು, ಅಷ್ಟೇ. "ಮುಗುದ್ಮೇಲೆ ಹಂಗೇ ಇರ್ಲಿ ಅಣ್ಣ, ಸೋಮವಾರ ನಾನ್ ಬಂದು ತೆಗೀತೀನಿ," ಎಂದು ಶ್ರುತಿ ಹೇಳಿ ಹೋಗಿದ್ದಳು. ಒಣ ಗ್ಯಾಸ್ ಒಂದು ನಳಿಗೆಯಲ್ಲಿ ಒಳಗೆ ಹರಿಯುತ್ತಲೇ ಇತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಕುಲುಮೆ ಕೂಗಿ ಸುಮ್ಮನಾಯಿತು. ಕಿಂಡಿಯಲ್ಲಿ ಬಿಳಿ ಕಡ್ಡಿ ಕಂಡಿತು. ಕಟ್ಟಡದಲ್ಲಿ ನಾನೊಬ್ಬನೇ. ನನ್ನ ಕಣ್ಣಿಗೆ ಹಿಂದಿನ ಕಡ್ಡಿ ಮುರಿದದ್ದೇ ಬರುತ್ತಿತ್ತು.

ಬ್ಯಾರನ್ ಕೆಲಸ ಗೊತ್ತಿರುವವರಿಗೆ ಇದು ಗೊತ್ತು. ಬೆಂದು ಒಣಗಿದ ಸೊಪ್ಪನ್ನು ಕೂಡಲೇ ಇಳಿಸುವಂತಿಲ್ಲ. ಹಪ್ಪಳದಂತಿರುತ್ತದೆ, ಮುಟ್ಟಿದರೆ ಪುಡಿ. ಬಾಗಿಲು ತೆರೆದು, ಬಿಸಿ ನೆಲಕ್ಕೆ ನೀರು ಚಿಮುಕಿಸಿ, ಹಬೆ ಆಡಲು ಬಿಡಬೇಕು. ಸೊಪ್ಪು ತೇವ ಕುಡಿದು ಬಟ್ಟೆಯ ಹಾಗೆ ಬಾಗುತ್ತದೆ. ಇದಕ್ಕೆ ಹದ ಕೊಡುವುದು ಅನ್ನುತ್ತೇವೆ. ಹದ ಕೊಡದೆ ಇಳಿಸುವವನು ಕಸುಬು ಗೊತ್ತಿಲ್ಲದವನು.

ನಾನು ಕುಲುಮೆಯ ಬಾಗಿಲನ್ನು ಒಂದು ಗೇಣು ತೆರೆದೆ. ಮುಖಕ್ಕೆ ಝಳ ಹೊಡೆಯಿತು. ಕಾಫಿ ಕೋಣೆಯಿಂದ ಒಂದು ಸ್ಟೀಲ್ ಬೋಗುಣಿ ತಂದು, ಕೆಟಲಿನಲ್ಲಿ ಕುದಿಸಿದ ನೀರು ಸುರಿದು, ಕಡ್ಡಿಯ ಕೆಳಗೆ ಇಟ್ಟೆ. ಹಬೆ ಕಡ್ಡಿಯನ್ನು ಸುತ್ತಿಕೊಂಡು ಮೇಲೆ ಹೋಯಿತು. ನಮ್ಮಪ್ಪ ನೋಡಿದ್ದರೆ ತಲೆದೂಗುತ್ತಿದ್ದರು ಅಂದುಕೊಂಡೆ. ಎರಡು ಗಂಟೆ ಬಿಟ್ಟು ಬೋಗುಣಿ ತೆಗೆದು ತೊಳೆದಿಟ್ಟು, ಬಾಗಿಲು ಮುಚ್ಚಿ ಮನೆಗೆ ಹೋದೆ. ಹೇಳಿದ್ದನ್ನು ಮೀರಿದೆ ಅಂತ ಅನ್ನಿಸಲೇ ಇಲ್ಲ. ಹಾಗೇ ಇರಲಿ ಅನ್ನುವುದು ಕೆಲಸ ಗೊತ್ತಿಲ್ಲದವರಿಗೆ ಹೇಳುವ ಮಾತು ಅಂತ ನನ್ನ ಲೆಕ್ಕ.

ಸೋಮವಾರ ಶ್ರುತಿ ಉಸಿರು ಬಿಗಿಹಿಡಿದು ಚಿಮಟ ಹಾಕಿದಳು. ಕಡ್ಡಿ ಮುರಿಯಲಿಲ್ಲ. ಗುನ್ನಾರ್ ಗಾಳಿ ಎಳೆದುಕೊಂಡರು.

"ಅಣ್ಣ! ಏನ್ ಮಾಡುದ್ರಿ?"

"ಏನಿಲ್ಲ ಕಣವ್ವ. ಕೈಗುಣ," ಅಂದೆ.

ವಿದ್ಯೆಯನ್ನು ಒಂದೇ ದಿನಕ್ಕೆ ಬಿಚ್ಚಿಡಬಾರದು ಅಂತ ನಮ್ಮ ಕಸುಬಿನಲ್ಲಿ ಒಂದು ಅಭ್ಯಾಸ. ಹೊರಡುವ ದಿನ ಹೇಳಿದರಾಯಿತು ಎಂದಿದ್ದೆ.

ಗೋಪುರ

ಕಡ್ಡಿ ತಿಳಿಗಾಜಾಯಿತು. ನನ್ನ ಪೆಟ್ಟಿಗೆಯೂ ಬಂದಿತ್ತು. ನಾನು ಅದನ್ನು ಕೊಳವೆಯೊಳಗೆ ಕೂರಿಸಿ, ಹೈಡ್ರೋಜನ್ ಬೆಂಕಿಯಲ್ಲಿ ಕುಗ್ಗಿಸಿದೆ. ಒಂದು ಗುಳ್ಳೆ ಇಲ್ಲ. ಅದನ್ನು ಎಳೆ ಎಳೆಯುವ ಗೋಪುರಕ್ಕೆ ಒಯ್ದರು. ಅದು ಮೂರು ಅಂತಸ್ತಿನ ಕಬ್ಬಿಣದ ಕಟ್ಟು. ತುದಿಯಲ್ಲಿ ಕುಲುಮೆ. ಕಡ್ಡಿಯ ಮೂತಿ ಬೆಳ್ಳಗೆ ಕಾದು, ಒಂದು ಹನಿ ತೊಟ್ಟಿಕ್ಕುತ್ತದೆ. ಹನಿಯ ಹಿಂದೆ ಬೆಲ್ಲದ ಪಾಕದ ಹಾಗೆ ಎಳೆ. ಗುನ್ನಾರ್ ಕೆಳಗೆ ಹನಿಯನ್ನು ಕತ್ತರಿಸಿ, ಎಳೆಯನ್ನು ಡ್ರಮ್ಮಿಗೆ ಸುತ್ತಿ ತಿರುಗಿಸಿದರು. ಗೇಣುದ್ದದ ಕಡ್ಡಿ ಹುಣಸೂರು ಬಸ್ ನಿಲ್ದಾಣದಿಂದ ನನ್ನ ಷೆಡ್ಡಿನ ತನಕ ಹಾಸುವಷ್ಟು ಉದ್ದವಾಯಿತು.

ಮರುದಿನ ಬೆಳಕು ಬಿಟ್ಟು ನೋಡಿದರು. ಲೇಸರ್ ಬರಲಿಲ್ಲ. ಒಳಗೆ ಬಿಟ್ಟ ಬೆಳಕಿನಲ್ಲಿ ಬಹುಪಾಲು ಆಚೆ ತುದಿಗೆ ತಲುಪಲೇ ಇಲ್ಲ. ಪರದೆಯ ಮೇಲಿನ ಗೆರೆಯಲ್ಲಿ ಒಂದು ದೊಡ್ಡ ಹಳ್ಳ ಬಿದ್ದಿತ್ತು. ಕರೀನ್ ಅದರ ಮೇಲೆ ಪೆನ್ಸಿಲ್ ಇಟ್ಟು ಒಂದು ಮಾತು ಹೇಳಿದರು.

"ಏನಂತೆ?"

"ನೀರು ಅಂತ," ಅಂದಳು ಶ್ರುತಿ. "ಗಾಜಿನೊಳಗೆ ನೀರು ಸೇರ್ಕಂಡು ಬೆಳಕ್ನ ನುಂಗ್ತಾ ಅದೆ. ಒಂದು ಹನಿ ಅಲ್ಲ ಅಣ್ಣ, ಕಣ್ಣಿಗ್ ಕಾಣ್ದಷ್ಟು ಇದ್ರೂ ಸಾಕು. ಎಲ್ಲಿಂದ ಬಂತೋ ಗೊತ್ತಿಲ್ಲ. ನನ್ನ ಪುಡಿ ಸರಿ ಇಲ್ವೋ, ಅಂಟು ಸರಿ ಇಲ್ವೋ."

ನಾನು ಕಾಫಿ ಕೋಣೆಗೆ ಹೋಗಿ, ತೊಳೆದಿಟ್ಟಿದ್ದ ಬೋಗುಣಿಯನ್ನು ನೋಡಿ ಬಂದೆ.

ಬಟ್ಟೆ ಒಗೆಯುವ ಕೋಣೆ

ಎರಡು ದಿನ ನಾನು ಹೇಳಲಿಲ್ಲ. ಹೇಳಬೇಕೆಂದು ಹೋದಾಗಲೆಲ್ಲ ಅವರು ಇಂಗ್ಲಿಷಿನಲ್ಲಿ ಬೇರೇನೋ ಮಾತಾಡುತ್ತಿರುತ್ತಿದ್ದರು ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ನಿಜವೆಂದರೆ, ಶಾಲೆ ಬಿಟ್ಟವನನ್ನು ಕರೆಸಿದ್ದಕ್ಕೆ ಹೀಗಾಯಿತು ಎಂಬ ಮಾತು ಆ ಕೋಣೆಯಲ್ಲಿ ಹುಟ್ಟುವುದು ನನಗೆ ಬೇಕಿರಲಿಲ್ಲ. ಶ್ರುತಿ ಪುಡಿಯ ಡಬ್ಬಿಗಳನ್ನು ಒಂದೊಂದಾಗಿ ಪರೀಕ್ಷೆ ಮಾಡುತ್ತಿದ್ದಳು. ಮಾತು ಕಡಿಮೆಯಾಗಿತ್ತು.

ಆ ಎರಡು ದಿನದಲ್ಲೇ ಇನ್ನೊಂದು ತಪ್ಪು ಮಾಡಿದೆ. ನಾನಿದ್ದ ಕಟ್ಟಡಕ್ಕೆಲ್ಲ ಸೇರಿ ಒಂದೇ ಬಟ್ಟೆ ಒಗೆಯುವ ಕೋಣೆ. ಯಾರು ಯಾವ ಹೊತ್ತಿಗೆ ಎಂದು ಮೊದಲೇ ಹಲಗೆಯಲ್ಲಿ ಗುರುತು ಹಾಕಿಕೊಳ್ಳಬೇಕು. ನಾನು ಯಂತ್ರ ಖಾಲಿ ಇದೆಯೆಂದು ಬಟ್ಟೆ ಹಾಕಿ ಬಂದೆ. ಹೋಗಿ ನೋಡಿದರೆ ನನ್ನ ಪಂಚೆ, ಬನಿಯನ್ನು ಎಲ್ಲ ಒಣಗಿಸಿ ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟಿದ್ದರು. ಮೇಲೊಂದು ಚೀಟಿ. ಶ್ರುತಿ ಓದಿ ಹೇಳಿದಳು: "ಇದು ನನ್ನ ಸಮಯವಾಗಿತ್ತು. ನಿಮ್ಮ ಬಟ್ಟೆ ಒಣಗಿವೆ." ಕೆಳಗೆ ಹೆಸರೂ ಇಲ್ಲ. ನಮ್ಮ ಕಡೆಯಾಗಿದ್ದರೆ ಬೀದಿ ಕೂಡುವಂತೆ ಬೈದು, ಸಂಜೆಗೆ ಮರೆತುಬಿಡುತ್ತಿದ್ದರು. ಮಡಿಸಿಟ್ಟ ಬನಿಯನ್ನು ಹಿಡಿದುಕೊಂಡು ಮೆಟ್ಟಿಲು ಹತ್ತುವುದು ಅದಕ್ಕಿಂತ ಕಷ್ಟ.

ರತ್ನಳಿಗೆ ಫೋನ್ ಮಾಡಿ ಬೋಗುಣಿಯ ವಿಷಯ ಹೇಳಿದೆ. ಅವಳಿಗೆ ಇಟರ್ಬಿಯಂ ತಿಳಿಯುವುದು ಬೇಕಿರಲಿಲ್ಲ.

"ಆ ಹೆಣ್ಮಗಳಿಗೆ ಗೊತ್ತಾ?"

"ಇಲ್ಲ."

"ಅಯ್ಯೋ, ಕರ್ಸಿ ಅನ್ನ ಇಕ್ಕಿದೋಳ ಅನ್ನಕ್ಕೇ ಕಲ್ಲಾಕ್ತೀರಾ? ಹೇಳ್ಬುಡಿ ಅತ್ಲಾಗೆ. ನಿಮ್ ಮರ್ವಾದೆ ಏನು ಅಲ್ಲಿಗಂಟ ಓಗಿ ಬೆಳುದ್ಬುಡ್ತಾ?"

ಮೂರು ಗಂಟೆಯ ಕಾಫಿ

ಅಲ್ಲಿ ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ಎಲ್ಲರೂ ಕೆಲಸ ಬಿಟ್ಟು ಕಾಫಿಗೆ ಕೂರುತ್ತಾರೆ. ಭೂಮಿ ಅದುರಿದರೂ ಕೂರುತ್ತಾರೆ. ಮೂರನೇ ದಿನ ಆ ಹೊತ್ತಿಗೆ ನಾನು ಎದ್ದು ನಿಂತೆ. ಶ್ರುತಿಯ ಮೂಲಕ ಹೇಳಿಸಬಾರದು ಅಂತ ತೀರ್ಮಾನಿಸಿದ್ದೆ. ನನ್ನ ಇಂಗ್ಲಿಷ್ ಷೆಡ್ಡಿನ ಇಂಗ್ಲಿಷ್.

"ಮೇಡಂ. ವಾಟರ್, ಐ ಪುಟ್. ಸಂಡೇ. ಓಪನ್ ಡೋರ್, ಹಾಟ್ ವಾಟರ್, ಟು ಅವರ್. ಶ್ರುತಿ ನೋ ಮಿಸ್ಟೇಕ್."

ಗುನ್ನಾರ್ ಲೋಟ ಕೆಳಗಿಟ್ಟು, ಆಗ ಕುಲುಮೆ ಎಷ್ಟು ಬಿಸಿ ಇತ್ತು ಎಂದು ಕೇಳಿದರು. ಮುಖಕ್ಕೆ ಹೊಡೆದ ಝಳದ ಲೆಕ್ಕದಲ್ಲಿ ಅಂದಾಜು ಹೇಳಿದೆ. ಅವರು ಎದ್ದುಹೋಗಿ ಕಂಪ್ಯೂಟರಿನಲ್ಲಿ ಭಾನುವಾರದ ದಾಖಲೆ ತೆಗೆದು ನೋಡಿ ಬಂದರು. ನನ್ನ ಅಂದಾಜಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಅವರು ಗಾಳಿ ಎಳೆದುಕೊಂಡರು. ಕರೀನ್ ಕೇಳಿದ್ದು ಒಂದೇ, ಯಾಕೆ ಹಾಗೆ ಮಾಡಿದಿರಿ. ನಾನು ಬ್ಯಾರನ್, ಸೊಪ್ಪು, ಹದ ಎಲ್ಲ ಹೇಳಿದೆ. ಅಲ್ಲಿಗೆ ನನ್ನ ಇಂಗ್ಲಿಷ್ ಮುಗಿದು, ಉಳಿದದ್ದನ್ನು ಶ್ರುತಿ ಹೇಳಬೇಕಾಯಿತು. ಅವಳು ನನ್ನ ಕಡೆ ನೋಡದೆ ಹೇಳಿದಳು.

ಶ್ರುತಿಯ ಬೈಗುಳ ಕಾದಿದ್ದದ್ದು ಕಾಫಿ ಕೋಣೆಯ ಹೊರಗಿನ ಕಾರಿಡಾರಿನಲ್ಲಿ.

"ಮೂರ್ ದಿನ ಆಯ್ತು ಅಣ್ಣ ನಾನು ಕಣ್ ಮುಚ್ಚಿ. ಎರಡು ವರ್ಷದ ಕೆಲ್ಸನೇ ಸುಳ್ಳು ಅಂದ್ಕಂಡಿದ್ದೆ."

"ತಪ್ಪಾಯ್ತು ಕಣವ್ವ."

"ತಪ್ಪಾಗಿದ್ದುಕ್ಕಲ್ಲ! ತಪ್ಪು ನಾನೂ ಮಾಡ್ತೀನಿ, ದಿನಾ ಮಾಡ್ತೀನಿ. ಏನ್ ಮಾಡುದ್ರಿ ಅಂತ ಕೇಳ್ದಾಗ ಕೈಗುಣ ಅಂದ್ರಲ್ಲ, ಅದುಕ್ಕೆ."



ಕಿವಿ

ಇನ್ನೊಂದೇ ಕಡ್ಡಿಗಾಗುವಷ್ಟು ಪುಡಿ ಇತ್ತು. ನೀರಿನ ಸಂಗತಿ ತಿಳಿಯಿತು, ಆದರೆ ಒಣ ಕಡ್ಡಿ ಮುರಿಯುವ ಸಂಗತಿ ಹಾಗೇ ಉಳಿದಿತ್ತು. ಚಿಮಟಕ್ಕೆ ಬಟ್ಟೆ ಸುತ್ತುವುದು, ಮರಳಿನಲ್ಲಿ ಮಲಗಿಸುವುದು ಎಂದು ಏನೇನೋ ಮಾತಾಡಿದರು. ನಾನು ಒಂದು ದಿನ ಬಾಯಿ ಬಿಡಲಿಲ್ಲ. ಮರುದಿನ ತಡೆಯಲಾಗಲಿಲ್ಲ.

"ಶ್ರುತವ್ವ, ಒಂದ್ ಮಾತು. ಸುಮ್ನೆ ಕೇಳ್ತೀನಿ, ಮಾಡು ಅಂತ ಅಲ್ಲ."

"ಹೇಳಿ."

"ಹೊಗೆಸೊಪ್ನ ಮಲಗ್ಸಿ ಬೇಯ್ಸಲ್ಲ. ಹಸೀದ್ರಲ್ಲೇ ಕೋಲಿಗೆ ಕಟ್ಟಿ ನೇತಾಕ್ತಾರೆ. ಕೊನೇಗಂಟ ಯಾರೂ ಸೊಪ್ಪು ಮುಟ್ಟಲ್ಲ, ಕೋಲು ಹಿಡ್ಕಂಡೇ ಇಳ್ಸೋದು. ನಿನ್ನ ಯಂತ್ರ ಹೂವು ಬೇಕಂದ್ರೆ ಹೂವು ಮಾಡ್ತದಲ್ಲ, ಕಡ್ಡಿ ತಲೇ ಮೇಲೆ ಒಂದು ಕಿವಿ ಮಾಡಲ್ವಾ?"

ಶ್ರುತಿ ಕಂಪ್ಯೂಟರಿನ ಮುಂದೆ ಕೂತು, ನಾನು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಚಿತ್ರಕ್ಕೆ ಉಂಗುರ ಸೇರಿಸಿದಳು. ಹಳೆಯ ಪದ್ಧತಿಯಲ್ಲಿ ಇದು ಆಗುತ್ತಿರಲಿಲ್ಲ. ನಾನು ಕ್ವಾರ್ಟ್ಜಿನಲ್ಲಿ ಒಂದು ಕೊಕ್ಕೆ ಎಳೆದೆ. ಒಂದು ಕುಲುಮೆಯಿಂದ ಇನ್ನೊಂದಕ್ಕೆ ಕೊಕ್ಕೆ ಹಿಡಿದೇ ಒಯ್ಯಬಹುದು. ಕೊನೆಗೆ ಕಿವಿ, ಕೊಕ್ಕೆ ಎರಡೂ ಅಂಟಿಕೊಂಡರೂ ಚಿಂತೆಯಿಲ್ಲ, ಆ ತುದಿಯನ್ನು ಕತ್ತರಿಸಿ ಬಿಸಾಡುವುದೇ.

ಕಾಯುವ ಪಟ್ಟಿಯನ್ನು ಗುನ್ನಾರ್ ಬಾಗಿಲಿಗೆ ಅಂಟಿಸಿದರು. ಭಾನುವಾರಕ್ಕೆ ಮತ್ತೆ ನನ್ನ ಹೆಸರು. ನಮ್ಮ ಕಡೆ ಒಂದು ಬ್ಯಾರನ್ ಕೆಡಿಸಿದವನನ್ನು ಮುಂದಿನ ಎರಡು ಸುಗ್ಗಿ ಒಲೆಯ ಹತ್ತಿರ ಸೇರಿಸುವುದಿಲ್ಲ. ಬರೆಯುವಾಗ ಮರೆತಿರಬೇಕೆಂದು ಕೇಳಿದೆ. ಮರೆತಿರಲಿಲ್ಲ. ಆ ಭಾನುವಾರ ಕುಲುಮೆ ಕೂಗಿ ಸುಮ್ಮನಾದ ಮೇಲೆ ನಾನು ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ಸಂಜೆಯವರೆಗೆ ಕೂತಿದ್ದೆ. ಅಷ್ಟು ಕಷ್ಟದ ಕೆಲಸ ನಾನು ಬೇರೆ ಮಾಡಿಲ್ಲ.

ಕೊನೆಯ ವಾರ

ಕಡ್ಡಿ ಮುರಿಯಲಿಲ್ಲ. ಎಳೆಯೂ ಬಂತು. ಲೇಸರ್ ನೋಡುವ ದಿನ ಎಲ್ಲರಿಗೂ ಕನ್ನಡಕ ಕೊಟ್ಟರು. ನಾನು ಹಬ್ಬದ ಬಾಣದಂಥ ಬೆಳಕು ಬರುತ್ತದೆ ಎಂದು ಗೋಡೆಗೆ ಬೆನ್ನು ಕೊಟ್ಟು ನಿಂತೆ. ಏನೂ ಕಾಣಲಿಲ್ಲ. ಆ ಬೆಳಕು ಮನುಷ್ಯರ ಕಣ್ಣಿಗೆ ಕಾಣುವ ಬಗೆಯದಲ್ಲವಂತೆ. ಗುನ್ನಾರ್ ಎಳೆಯ ತುದಿಗೆ, ಆ ಬೆಳಕು ಬಿದ್ದರೆ ಹೊಳೆಯುವ ಒಂದು ಕಾರ್ಡು ಹಿಡಿದರು. ಅದರ ಮೇಲೆ ರಾಗಿ ಕಾಳಿನಷ್ಟು ಹಸಿರು ಚುಕ್ಕಿ ಮೂಡಿತು. ಅಷ್ಟೇ.

"ಇಷ್ಟೇನಾ?" ಅಂದೆ.

"ಇಷ್ಟೇ ಅಣ್ಣ," ಅಂದಳು ಶ್ರುತಿ. ಅವಳ ಕನ್ನಡಕದೊಳಗೆ ಮಂಜು ಕಟ್ಟಿತ್ತು. ಹಳೆಯ ಪದ್ಧತಿಯ ಎಳೆಯಷ್ಟು ಬಲ ಇದಕ್ಕಿಲ್ಲ ಎಂದೂ ಅವಳೇ ಹೇಳಿದಳು. ಆದರೂ ಕರೀನ್ ಆ ಮಧ್ಯಾಹ್ನವೇ ಅವಳ ಕೆಲಸವನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸುವ ಕಾಗದಕ್ಕೆ ಸಹಿ ಹಾಕಿದರು.

ಹೊರಡುವ ಹಿಂದಿನ ದಿನ ಶ್ರುತಿ ವರದಿಯ ಕರಡನ್ನು ಕಾಫಿ ಕೋಣೆಗೆ ತಂದು ನನಗೆ ಕನ್ನಡದಲ್ಲಿ ಓದಿ ಹೇಳಿದಳು. ಕಿವಿ ಮಾಡಿ ನೇತುಹಾಕುವ ವಿಧಾನ ಸೂಚಿಸಿದವರು ಎಂದು ನನ್ನ ಹೆಸರು ಇತ್ತು. ಅದರ ಮೇಲಿನ ಪುಟದಲ್ಲಿ, ಹಿಂದಿನ ಎಳೆಗೆ ನೀರು ಸೇರಿದ್ದು ಹೇಗೆ ಎಂದೂ ಇತ್ತು. ಅಲ್ಲಿ ಅವಳು ಓದು ನಿಲ್ಲಿಸಿದಳು.

"ಇದನ್ನ ತೆಗೀಬೋದು ಅಣ್ಣ. ಎಳೆ ಸರಿ ಬರ್ಲಿಲ್ಲ ಅಂತಷ್ಟೇ ಹಾಕುದ್ರೂ ನಡೀತದೆ."

"ಓದು, ಏನ್ ಬರ್ದಿದ್ದೀಯ?"

"ಬಿಸಿ ಇರೋವಾಗ ಸ್ವಲ್ಪ ಪ್ರಮಾಣದ ನೀರಿನ ಹಬೆ ತಾಗಿತ್ತು ಅಂತ."

"ಸ್ವಲ್ಪ ಅಂದ್ರೆ? ನಾಳೆ ಇನ್ಯಾವನೋ ಗಾಜಿನವ್ನು ಇದನ್ನ ಓದಿ, ಸ್ವಲ್ಪಕ್ಕೇ ಹಿಂಗಾಯ್ತು ಅಂದ್ಕಳಲ್ವಾ? ಬರದ್ರೆ ಸರ್ಯಾಗಿ ಬರಿ. ಬೋಗುಣಿ ತುಂಬ ಇಟ್ಟಿದ್ದೆ."

ಶ್ರುತಿ ಗುನ್ನಾರ್‌ಗೆ ಹೇಳಿದಳು. ಅವರು ಎದ್ದು ಅದೇ ಸ್ಟೀಲ್ ಬೋಗುಣಿಯನ್ನು ಕಪಾಟಿನಿಂದ ತೆಗೆದು, ತಕ್ಕಡಿಯ ಮೇಲಿಟ್ಟು, ನಲ್ಲಿಯ ನೀರು ಸುರಿಯುತ್ತಾ ಬಂದರು. ಅಂಚಿಗೆ ಸ್ವಲ್ಪ ಕೆಳಗೆ ನಿಲ್ಲಿಸಿ ನನ್ನ ಮುಖ ನೋಡಿದರು.

"ಇನ್ನೊಂದ್ ಬೆರಳು," ಅಂದೆ.

ಅವರು ಇನ್ನೊಂದು ಬೆರಳಿನಷ್ಟು ಸುರಿದರು. ಶ್ರುತಿ ತಕ್ಕಡಿ ನೋಡಿ ಬರೆದುಕೊಂಡಳು.